ನಾಟಕದ ಮಾತು ಮತ್ತು ಅದರ ಧಾಟಿ: ಪಾತ್ರದ ಸಂಭಾಷಣೆಯನ್ನು ಓದುವ ಬಗೆ

ಕಾದಂಬರಿಕಾರನಿಗೆ ಇರುವ ಒಂದು ಅನುಕೂಲ ನಾಟಕಕಾರನಿಗೆ ಇಲ್ಲ. ಕಾದಂಬರಿಯಲ್ಲಿ ಪಾತ್ರವೊಂದು ಮಾತನಾಡಿದ ಬೆನ್ನಲ್ಲೇ, ಆತ ಅದನ್ನು ವ್ಯಂಗ್ಯವಾಗಿ ನುಡಿದನೆಂದೋ, ಗದ್ಗದಿತನಾಗಿ ಹೇಳಿದನೆಂದೋ ಲೇಖಕನು ಸೇರಿಸಬಲ್ಲನು. ನಾಟಕದಲ್ಲಿ ಹಾಗೆ ನಡುವೆ ಬಂದು ಹೇಳುವವರು ಯಾರೂ ಇಲ್ಲ. ಆವರಣ ಚಿಹ್ನೆಯೊಳಗೆ ಸೂಚನೆ ಬರೆದರೂ ಅದು ಪ್ರೇಕ್ಷಕನ ಕಿವಿಗೆ ಬೀಳದು. ಆದ್ದರಿಂದ ಕೋಪ, ಅಸೂಯೆ, ಅಕ್ಕರೆ, ಅಣಕ, ಭಯ, ಅಧಿಕಾರ ಇವೆಲ್ಲವನ್ನೂ ಪಾತ್ರದ ಮಾತಿನ ಒಳಗೇ ಅಡಗಿಸಿಡುವುದು ನಾಟಕಕಾರನ ಹೊಣೆಯಾಗುತ್ತದೆ. ಹೀಗೆ ಮಾತಿನೊಳಗೆ ಅಡಗಿರುವ ಭಾವದ ದಿಕ್ಕನ್ನೇ ಇಲ್ಲಿ ‘ಧಾಟಿ’ ಎಂದು ಕರೆಯಲಾಗಿದೆ. ಮಾತಿನ ಅರ್ಥ ಒಂದು, ಅದರ ಧಾಟಿ ಮತ್ತೊಂದು. ಅವೆರಡೂ ಒಂದೇ ಕಡೆಗೆ ನಡೆಯಬಹುದು, ವಿರುದ್ಧ ದಿಕ್ಕಿಗೂ ನಡೆಯಬಹುದು.

ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಷಯ ಕೇವಲ ಶಾಸ್ತ್ರಚರ್ಚೆಯಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವಕ್ಕೋ ವಾರ್ಷಿಕೋತ್ಸವಕ್ಕೋ ನಾಟಕವಾಡುವ ಪರಂಪರೆ ಇದೆ. ರಂಗದ ಮೇಲೆ ಬರುವ ಕಿರಿಯರಲ್ಲಿ ಹಲವರು ತಮ್ಮ ಮಾತನ್ನು ದೇವನಾಗರಿಯಲ್ಲಿಯೋ ರೋಮನ್ ಲಿಪಿಯಲ್ಲಿಯೋ ಬರೆದುಕೊಂಡು ಕಂಠಪಾಠ ಮಾಡುತ್ತಾರೆ. ಶಬ್ದಗಳು ತಪ್ಪಿಲ್ಲದೆ ಬರುತ್ತವೆ, ಅರ್ಥವೂ ತಿಳಿದಿರುತ್ತದೆ. ಆದರೂ ಮಾತು ಪ್ರೇಕ್ಷಕರನ್ನು ಮುಟ್ಟುವುದಿಲ್ಲ. ಕಳೆದುಹೋಗಿರುವುದು ಧಾಟಿ. ಅದು ಲಿಪಿಯಿಂದ ಬರುವಂಥದ್ದಲ್ಲ, ಮನೆಯ ಮಾತಿನಿಂದ ಕಿವಿಗೆ ಇಳಿಯುವಂಥದ್ದು. ನಾಟಕಕಾರರು ಅದನ್ನು ಯಾವ ಯಾವ ಸಾಧನಗಳಿಂದ ಕಟ್ಟುತ್ತಾರೆ ಎಂಬುದನ್ನು ತಿಳಿದರೆ, ಓದುವವರಿಗೂ ಆಡುವವರಿಗೂ ಮನೆಯಲ್ಲಿ ಕಲಿಸುವವರಿಗೂ ಪ್ರಯೋಜನವಾದೀತೆಂಬ ಆಶಯದಿಂದ ಕೆಲವು ಮುಖ್ಯ ಸಂಗತಿಗಳನ್ನು ಇಲ್ಲಿ ಕ್ರೋಡೀಕರಿಸಲಾಗಿದೆ.

ಭರತನು ಹೇಳುವ ಕಾಕು

ಧಾಟಿಯ ವಿಚಾರ ನಮ್ಮಲ್ಲಿ ಹೊಸತಲ್ಲ. ಭರತನ ನಾಟ್ಯಶಾಸ್ತ್ರವು ವಾಚಿಕಾಭಿನಯವನ್ನು ವಿವರಿಸುವಾಗ ಪಾಠ್ಯದ ಗುಣಗಳನ್ನು ಎಣಿಸಿ ಹೇಳುತ್ತದೆ. ಸ್ವರಗಳು 7, ಎದೆ, ಕಂಠ, ಶಿರಸ್ಸು ಎಂಬ ಸ್ಥಾನಗಳು 3, ಉದಾತ್ತ, ಅನುದಾತ್ತ, ಸ್ವರಿತ, ಕಂಪಿತ ಎಂಬ ವರ್ಣಗಳು 4, ಕಾಕುಗಳು 2, ಉಚ್ಚ, ದೀಪ್ತ, ಮಂದ್ರ, ನೀಚ, ದ್ರುತ, ವಿಲಂಬಿತ ಎಂಬ ಅಲಂಕಾರಗಳು 6, ಇವಲ್ಲದೆ ಮಾತನ್ನು ತಡೆಯುವ, ಬಿಡುವ, ಜೋಡಿಸುವ ಬಗೆಗಳನ್ನು ಹೇಳುವ ಅಂಗಗಳು 6.

ಇವುಗಳಲ್ಲಿ ಕಾಕು ಎಂಬುದು ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದುದು. ಅರ್ಥ ಇನ್ನೂ ಪೂರ್ಣವಾಗದೆ ಏನನ್ನೋ ನಿರೀಕ್ಷಿಸುತ್ತ ನಿಲ್ಲುವ ಮಾತು ಸಾಕಾಂಕ್ಷ. ತನ್ನಲ್ಲೇ ಮುಗಿದುಹೋಗುವ ಮಾತು ನಿರಾಕಾಂಕ್ಷ. ‘ನೀನು ಹೋಗುತ್ತೀಯೆ’ ಎಂಬ ವಾಕ್ಯವನ್ನು ಕೊನೆಯಲ್ಲಿ ಇಳಿಸಿ ನುಡಿದರೆ ಅದು ತೀರ್ಮಾನ. ಎತ್ತಿ ನಿಲ್ಲಿಸಿದರೆ ಅದು ಪ್ರಶ್ನೆಯೋ ಆತಂಕವೋ ಬೇಡಿಕೆಯೋ ಆಗಿ, ಎದುರಿನವರ ಉತ್ತರಕ್ಕಾಗಿ ಕಾಯುತ್ತದೆ. ಅಕ್ಷರ ಒಂದೂ ಬದಲಾಗದೆ ಇಡೀ ಸಂಬಂಧ ಬದಲಾಗುತ್ತದೆ. ಅವಸರದಲ್ಲಿಯೂ ಭಯದಲ್ಲಿಯೂ ಮಾತು ದ್ರುತವಾಗಬೇಕು, ಹತ್ತಿರವಿದ್ದವರೊಡನೆ ಎದೆಯ ದನಿಯಿಂದ, ದೂರದವರನ್ನು ಕರೆಯುವಾಗ ಶಿರಸ್ಸಿನ ದನಿಯಿಂದ ಆಡಬೇಕು ಎಂಬಷ್ಟು ಸೂಕ್ಷ್ಮಕ್ಕೆ ಭರತನು ಇಳಿಯುತ್ತಾನೆ. ಈ ಗ್ರಂಥವನ್ನು ಕನ್ನಡಕ್ಕೆ ತಂದವರಲ್ಲಿ ಸ್ವತಃ ನಾಟಕಕಾರರಾಗಿದ್ದ ಶ್ರೀರಂಗರು, ಅಂದರೆ ಆದ್ಯ ರಂಗಾಚಾರ್ಯರು (1904–1984), ಒಬ್ಬರೆಂಬುದು ಇಲ್ಲಿ ಸ್ಮರಣೀಯ.

ಆದರೆ ಇವೆಲ್ಲ ನಟನ ಕಂಠಕ್ಕೆ ಸಂಬಂಧಿಸಿದ ನಿಯಮಗಳಲ್ಲವೆ, ನಾಟಕಕಾರನ ಪಾಲೇನು ಎಂದು ಕೇಳಬಹುದು. ಸಮರ್ಥ ನಾಟಕಕಾರನು ನಟನಿಗೆ ಬೇರೆ ದಾರಿಯೇ ಇಲ್ಲದಂತೆ ವಾಕ್ಯವನ್ನು ಕಟ್ಟುತ್ತಾನೆ. ಅವನ ವಾಕ್ಯವನ್ನು ತಪ್ಪು ಧಾಟಿಯಲ್ಲಿ ಹೇಳಹೊರಟರೆ ನಾಲಿಗೆಯೇ ತಡವರಿಸುತ್ತದೆ. ಹಾಗೆ ಕಟ್ಟುವ ಉಪಾಯಗಳನ್ನು ಮುಂದೆ ಒಂದೊಂದಾಗಿ ನೋಡಬಹುದು.

ಕರೆಯುವ ಬಗೆ: ಸಂಬೋಧನೆ

ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬುದು ಧಾಟಿಯ ಮೊದಲ ಕೀಲಿಕೈ. ಸಂಸ್ಕೃತ ನಾಟಕದಲ್ಲಿ ಇದಕ್ಕೆ ನಿಯಮಗಳೇ ಇದ್ದವು. ಸೇವಕರಿಗೆ ಅರಸನು ‘ದೇವ’, ಋಷಿಗಳಿಗೆ ‘ರಾಜನ್’, ಸಾರಥಿಗೆ ರಥದಲ್ಲಿ ಕುಳಿತವನು ‘ಆಯುಷ್ಮನ್’, ಪತ್ನಿಗೆ ಪತಿಯು ‘ಆರ್ಯಪುತ್ರ’.

ಈ ನಿಯಮವನ್ನೇ ಕಾಳಿದಾಸನು ಭಾವದ ಆಯುಧವಾಗಿಸಿದ್ದು ಅಭಿಜ್ಞಾನಶಾಕುಂತಲದ 5ನೆಯ ಅಂಕದಲ್ಲಿ. ಶಾಪಗ್ರಸ್ತನಾದ ದುಷ್ಯಂತನು ತುಂಬಿದ ಸಭೆಯಲ್ಲಿ ಶಕುಂತಲೆಯನ್ನು ಗುರುತಿಸದೆ ನಿರಾಕರಿಸುತ್ತಾನೆ. ಆಕೆ ಮಾತನಾಡತೊಡಗುವಾಗ ಬಾಯಿಗೆ ಬರುವ ಮೊದಲ ಪದ ‘ಆರ್ಯಪುತ್ರ’. ಅದನ್ನು ಅರ್ಧಕ್ಕೆ ನಿಲ್ಲಿಸಿ, ವಿವಾಹವೇ ಸಂದೇಹಕ್ಕೆ ಒಳಗಾಗಿರುವಾಗ ಹಾಗೆ ಕರೆಯುವುದು ತರವಲ್ಲವೆಂದು ತನಗೆ ತಾನೇ ಹೇಳಿಕೊಂಡು, ಆತನನ್ನು ‘ಪೌರವ’ ಎಂದು ವಂಶದ ಹೆಸರಿನಿಂದ ಕರೆಯುತ್ತಾಳೆ. ವಾದ ಬೆಳೆದು, ಅರಸನು ಸ್ತ್ರೀಜಾತಿಯನ್ನೇ ಹಳಿದಾಗ ಅವಳ ಬಾಯಿಂದ ಬರುವುದು ‘ಅನಾರ್ಯ’. ಪತ್ನಿಯ ಸಲಿಗೆ, ಪರಕೀಯಳ ಔಪಚಾರಿಕತೆ, ಅವಮಾನಿತೆಯ ರೋಷ ಎಂಬ 3 ಮೆಟ್ಟಿಲುಗಳನ್ನು 3 ಸಂಬೋಧನೆಗಳು ದಾಟಿಸುತ್ತವೆ. 7ನೆಯ ಅಂಕದಲ್ಲಿ ಪುನರ್ಮಿಲನವಾದಾಗ ಮತ್ತೆ ‘ಆರ್ಯಪುತ್ರ’ ಎಂಬ ಪದ ಬರುತ್ತದೆ. ಆಗಲೂ ಆಕೆಯ ಜಯಕಾರ ಪೂರ್ಣವಾಗದೆ ಅರ್ಧಕ್ಕೆ ನಿಲ್ಲುತ್ತದೆ. ಹಿಂದೆ ತಡೆದದ್ದು ಸಂದೇಹ, ಈಗ ತಡೆದದ್ದು ಕಣ್ಣೀರು. ಅವಳ ದುಃಖವನ್ನು ವರ್ಣಿಸುವ ಒಂದು ವಿಶೇಷಣವೂ ಇಲ್ಲಿ ಬೇಕಾಗಿಲ್ಲ.

ಕನ್ನಡಕ್ಕೆ ಈ ಸಂಪತ್ತು ಸಹಜವಾಗಿಯೇ ಇದೆ. ನೀನು, ನೀವು, ತಾವು ಎಂಬ 3 ಮೆಟ್ಟಿಲುಗಳು. ಅವುಗಳ ಮೇಲೆ ಅಪ್ಪ, ಅಮ್ಮ, ಅಯ್ಯ, ಅವ್ವ, ರೀ, ಕಣೋ, ಕಣೇ, ಮಾರಾಯ, ಮಗಾ ಎಂಬ ಬಳಕೆಯ ಪದಗಳು. ‘ಬಾ’, ‘ಬಾರೋ’, ‘ಬಾರಪ್ಪ’, ‘ಬಾರಯ್ಯ’, ‘ಬನ್ನಿ’, ‘ಬರ್ರಿ’, ‘ಬರೋಣವಾಗಲಿ’ ಎಂಬ 7 ಕರೆಗಳಲ್ಲಿ ಕ್ರಿಯೆ ಒಂದೇ; ಕರೆಯುವವನ ವಯಸ್ಸು, ಊರು, ಅಂತಸ್ತು, ಆ ಹೊತ್ತಿನ ಮನಃಸ್ಥಿತಿ ಬೇರೆ ಬೇರೆ. ನಾಟಕದಲ್ಲಿ ಗಮನಿಸಬೇಕಾದುದು ಈ ಮೆಟ್ಟಿಲು ಬದಲಾಗುವ ಕ್ಷಣ. ಇದುವರೆಗೆ ‘ನೀವು’ ಎನ್ನುತ್ತಿದ್ದ ಸೊಸೆ ಒಮ್ಮೆಲೇ ‘ನೀನು’ ಎಂದರೆ ಅದು ಸ್ಫೋಟ. ‘ನೀನು’ ಎನ್ನುತ್ತಿದ್ದ ಗೆಳೆಯ ‘ತಾವು’ ಎಂದರೆ ಅದು ಗೌರವವಲ್ಲ, ಮುಚ್ಚಿದ ಬಾಗಿಲು.

ಇಂಗ್ಲಿಷಿನ ಒಂದೇ ಸರ್ವನಾಮದಲ್ಲಿ ಈ ಭೇದವನ್ನು ತೋರಿಸುವುದು ಸಾಧ್ಯವಿಲ್ಲ. ಆದರೆ ನಮ್ಮ ಮಕ್ಕಳು ಬೀದಿಯಲ್ಲಿ ಕೇಳುವ ಹಿಂದಿಯ ತೂ–ತುಮ್–ಆಪ್, ಮರಾಠಿಯ ತೂ–ತುಮ್ಹಿ–ಆಪಣ್, ತಮಿಳಿನ ನೀ–ನೀಂಗಳ್ ಇದೇ ಬಗೆಯವು. ಅವುಗಳ ಮೂಲಕವೇ ಕನ್ನಡದ ಮೆಟ್ಟಿಲುಗಳನ್ನು ಪರಿಚಯಿಸುವುದು ಹೊರನಾಡಿನ ಮನೆಗಳಿಗೆ ಸುಲಭವಾದ ದಾರಿ.

ಒಂದು ಸ್ವರದ ಬಲ: ಕನ್ನಡದ ಬಾಲಪದಗಳು

ಸಂಬೋಧನೆಗಿಂತ ಸೂಕ್ಷ್ಮವಾದ ಇನ್ನೊಂದು ಸಾಧನವೆಂದರೆ ಪದದ ಕೊನೆಗೆ ಅಂಟುವ ಏ, ಓ, ಊ, ಆ ಎಂಬ ಸ್ವರಗಳು ಮತ್ತು ‘ಅಂತೆ’, ‘ಅಲ್ಲ’, ‘ಬಿಡು’ ಮುಂತಾದ ಬಾಲಪದಗಳು. ‘ಅವನು ಬಂದ’ ಎಂಬ ಸರಳ ವಾಕ್ಯವನ್ನೇ ತೆಗೆದುಕೊಳ್ಳೋಣ.

‘ಅವನು ಬಂದ’: ಕೇವಲ ಸುದ್ದಿ.
‘ಅವನೇ ಬಂದ’: ಬೇರೆ ಯಾರನ್ನೂ ಕಳಿಸದೆ ತಾನಾಗಿ ಬಂದನೆಂಬ ಒತ್ತು, ಒಮ್ಮೊಮ್ಮೆ ಹೆಮ್ಮೆ.
‘ಅವನೂ ಬಂದ’: ಎಲ್ಲರ ಜೊತೆಗೆ ಎಂಬ ಸೇರ್ಪಡೆ, ಅಥವಾ ಅವನೊಬ್ಬ ಬಾಕಿಯಿದ್ದ ಎಂಬ ಬೇಸರ.
‘ಅವನೋ, ಬಂದ’: ಇತರರಿಂದ ಅವನನ್ನು ಬೇರೆ ಮಾಡಿ ನೋಡುವ ಕೊಂಕು.
‘ಅವನು ಬಂದನಂತೆ’: ನಾನು ಕಂಡಿಲ್ಲ, ಹೊಣೆ ನನ್ನದಲ್ಲ ಎಂಬ ದೂರ, ನಂಬಿಕೆಯಿಲ್ಲವೆಂಬ ಅಣಕವೂ ಇದರಲ್ಲೇ ಅಡಗಬಲ್ಲುದು.
‘ಅವನು ಬಂದನಲ್ಲ’: ಸಮಾಧಾನ ಅಥವಾ ಅನಿರೀಕ್ಷಿತ ಗಾಬರಿ.
‘ಅವನು ಬಂದೇಬಿಟ್ಟ’: ತಡೆಯಲಾಗದ್ದು ಘಟಿಸಿತೆಂಬ ಉದ್ಗಾರ.

ಇವುಗಳಲ್ಲಿ ‘ಅಂತೆ’ ಎಂಬುದು ಪ್ರಹಸನಕಾರರಿಗೆ ಬಹು ಉಪಯುಕ್ತವಾದ ಪ್ರತ್ಯಯ. ‘ಅವರು ದೊಡ್ಡ ವಿದ್ವಾಂಸರಂತೆ’ ಎಂಬಲ್ಲಿ ಹೊಗಳಿಕೆಯ ಶಬ್ದಗಳೇ ಇದ್ದರೂ ಧಾಟಿಯು ಹೊಗಳಿಕೆಯನ್ನು ಅಳಿಸಿಹಾಕುತ್ತದೆ. ಇಂತಹ ಒಂದಕ್ಷರವನ್ನು ತಾಲೀಮಿನಲ್ಲಿ ನಟನು ನುಂಗಿಬಿಟ್ಟರೆ ನಾಟಕಕಾರನು ಬರೆದ ವಾಕ್ಯದ ಅರ್ಧ ಹೋದಂತೆ. ಕಂಠಪಾಠದ ವೇಳೆ ಅತ್ಯಂತ ಹೆಚ್ಚು ಬಿಟ್ಟುಹೋಗುವುದೂ ಇವೇ.

ನುಡಿಯ ಬಗೆ: ಶಿಷ್ಟ, ಗ್ರಾಮ್ಯ, ಮಿಶ್ರ

ಪಾತ್ರವು ಯಾವ ನುಡಿಯನ್ನು ಆಡುತ್ತದೆ ಎಂಬುದು ಮೂರನೆಯ ಸಾಧನ. ಸಂಸ್ಕೃತ ನಾಟಕಗಳಲ್ಲಿ ಅರಸ, ಮಂತ್ರಿ ಮೊದಲಾದವರು ಸಂಸ್ಕೃತವನ್ನೂ ಸ್ತ್ರೀಯರು ಸಾಮಾನ್ಯವಾಗಿ ಪ್ರಾಕೃತವನ್ನೂ ಆಡುತ್ತಿದ್ದರು. ವಿದೂಷಕನು ಬ್ರಾಹ್ಮಣನಾಗಿದ್ದೂ ಪ್ರಾಕೃತವನ್ನೇ ಆಡುತ್ತಾನೆ. ಶೂದ್ರಕನ ಮೃಚ್ಛಕಟಿಕದ ಶಕಾರನು ಸಕಾರಕ್ಕೆ ಬದಲಾಗಿ ಶಕಾರವನ್ನು ಉಚ್ಚರಿಸುತ್ತ, ರಾಮಾಯಣ ಮಹಾಭಾರತಗಳ ಪಾತ್ರಗಳನ್ನು ಒಂದರೊಡನೊಂದು ಕಲಸುಮೇಲೋಗರ ಮಾಡುತ್ತ ಪಾಂಡಿತ್ಯ ಮೆರೆಯಹೊರಡುತ್ತಾನೆ. ಅವನ ತಪ್ಪುಗಳು ಮೊದಲು ನಗು ತರಿಸುತ್ತವೆ. ಅಧಿಕಾರಸ್ಥರ ನಂಟನಾದ ಇಂಥ ಮೂರ್ಖನ ಕೈಯಲ್ಲಿ ವಸಂತಸೇನೆಯ ಪ್ರಾಣ ಸಿಕ್ಕಿದಾಗ ಅದೇ ತಪ್ಪುಗಳು ಭಯ ಹುಟ್ಟಿಸುತ್ತವೆ. ಧಾಟಿ ಬದಲಾಗಿಲ್ಲ, ಸನ್ನಿವೇಶ ಬದಲಾಗಿದೆ.

ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ನಾಟಕವಾದ ಸಿಂಗರಾರ್ಯನ ‘ಮಿತ್ರವಿಂದಾಗೋವಿಂದ’ವು 17ನೆಯ ಶತಮಾನದ ಉತ್ತರಾರ್ಧದಲ್ಲಿ, ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ, ಹರ್ಷನ ರತ್ನಾವಳಿಯನ್ನು ಅನುಸರಿಸಿ ರಚಿತವಾದುದು. ಆಡುನುಡಿಯು ನಾಟಕದ ಮುಖ್ಯ ಭಾಷೆಯಾಗಲು ಇನ್ನೂ 2 ಶತಮಾನಗಳು ಹಿಡಿದವು. 1887ರಲ್ಲಿ ಬಂದ ಕರ್ಕಿ ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ವು ಕನ್ಯಾವಿಕ್ರಯವನ್ನು ವಿಷಯವಾಗಿಟ್ಟುಕೊಂಡು ಹವ್ಯಕ ಕನ್ನಡದಲ್ಲಿ ಮಾತನಾಡಿತು. ಊರಿನ ಮಾತಿನಲ್ಲೇ ಊರಿನ ಅನ್ಯಾಯವನ್ನು ಆಡಿತೋರಿಸಿದಾಗ ಅದರಿಂದ ತಪ್ಪಿಸಿಕೊಳ್ಳುವ ದಾರಿ ಪ್ರೇಕ್ಷಕನಿಗೆ ಉಳಿಯುವುದಿಲ್ಲ.

ಈ ದಾರಿಯನ್ನು ಹೆದ್ದಾರಿಯಾಗಿಸಿದವರು ಟಿ. ಪಿ. ಕೈಲಾಸಂ (ನಿಧನ 1946). ಅವರ ಮನೆಮಾತು ತಮಿಳು, ವ್ಯಾಸಂಗ ಲಂಡನ್ನಿನಲ್ಲಿ ಭೂವಿಜ್ಞಾನದಲ್ಲಿ. ಕನ್ನಡದ ಕಿವಿಯಾದರೋ ಅಸಾಧಾರಣವಾದುದು. ‘ಟೊಳ್ಳುಗಟ್ಟಿ’, ‘ಹೋಂರೂಲು’, ‘ಬಂಡ್ವಾಳ್ವಿಲ್ಲದ ಬಡಾಯಿ’, ‘ಪೋಲಿ ಕಿಟ್ಟಿ’ ಮುಂತಾದ ನಾಟಕಗಳಲ್ಲಿ ಅವರು ಮೈಸೂರು ಬೆಂಗಳೂರುಗಳ ಮಧ್ಯಮವರ್ಗದ ಮನೆಗಳಲ್ಲಿ ಬಳಕೆಯಲ್ಲಿದ್ದ ಇಂಗ್ಲಿಷ್ ಬೆರೆತ ಕನ್ನಡವನ್ನು ಹಾಗೆಯೇ ರಂಗಕ್ಕೆ ತಂದರು. ಅಲ್ಲಿ ಇಂಗ್ಲಿಷ್ ಪದಗಳು ಅಲಂಕಾರಕ್ಕಾಗಿ ಬಂದವಲ್ಲ. ದೊಡ್ಡಸ್ತಿಕೆ ತೋರಿಸುವಾಗ, ಸತ್ಯವನ್ನು ಮರೆಮಾಚುವಾಗ, ಹೆಂಡತಿಯ ಪ್ರಶ್ನೆಯಿಂದ ಜಾರಿಕೊಳ್ಳುವಾಗ ಪಾತ್ರಗಳು ಇಂಗ್ಲಿಷಿಗೆ ಹಾರುತ್ತವೆ. ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಯಲ್ಲಿ ಮುಂದಿರುವ ಮಗ ಮತ್ತು ಹಿಂದುಳಿದ ಮಗ ಇಬ್ಬರೂ ಇದ್ದಾರೆ, ಕಷ್ಟಕಾಲದಲ್ಲಿ ಮನೆಗೆ ಆಗುವವನು ಹಿಂದುಳಿದವನೇ. ಯಾರು ಟೊಳ್ಳು ಯಾರು ಗಟ್ಟಿ ಎಂಬುದನ್ನು ಲೇಖಕರು ಹೇಳುವ ಮುನ್ನವೇ ಅವರವರ ಮಾತಿನ ಧಾಟಿ ಹೇಳಿರುತ್ತದೆ. ಇದೇ ಕೈಲಾಸಂ ಏಕಲವ್ಯ, ಕರ್ಣ, ಕೀಚಕರನ್ನು ಕುರಿತು ಇಂಗ್ಲಿಷಿನಲ್ಲಿ ನಾಟಕಗಳನ್ನು ಬರೆದಾಗ ಬಳಸಿದ್ದು ಹಳೆಯ ಕಾಲದ ಗಂಭೀರ ಶೈಲಿಯನ್ನು. ಪುರಾಣಪುರುಷರ ಎತ್ತರಕ್ಕೆ ಒಂದು ನುಡಿ, ಮನೆಯೊಳಗಿನ ಬಡಾಯಿಗೆ ಇನ್ನೊಂದು ನುಡಿ ಎಂಬ ಅವರ ವಿವೇಚನೆ ಗಮನಾರ್ಹ.

ಸಂಸ (1898–1939) ನಡೆದದ್ದು ಸಂಪೂರ್ಣ ಬೇರೆ ದಾರಿಯಲ್ಲಿ. ಮೈಸೂರು ಅರಸರ ಇತಿಹಾಸವನ್ನು ಆಧರಿಸಿದ ‘ವಿಗಡ ವಿಕ್ರಮರಾಯ’ದಂತಹ ನಾಟಕಗಳಲ್ಲಿ ಅವರು ಹಳಗನ್ನಡದ ಛಾಯೆಯುಳ್ಳ, ಬಿಗಿಯಾದ ಗದ್ಯವನ್ನು ಬಳಸಿದರು. ಅರಮನೆಯ ಒಳಸಂಚಿನಲ್ಲಿ ಯಾರೂ ಬಾಯಿ ಬಿಟ್ಟು ಮಾತನಾಡಲಾರರು; ಆ ಶಿಷ್ಟಾಚಾರದ ಭಾಷೆಯೇ ಬೆದರಿಕೆಯನ್ನು ಹೊದಿಕೆಯೊಳಗಿಟ್ಟು ಸಾಗಿಸುತ್ತದೆ. ಬಿ.ಎಂ.ಶ್ರೀಯವರು ಸೊಫೊಕ್ಲಿಸನ ಅಜಾಕ್ಸ್ ನಾಟಕವನ್ನು ಆಧರಿಸಿ 1929ರಲ್ಲಿ ‘ಅಶ್ವತ್ಥಾಮನ್’ ರಚಿಸಿದಾಗಲೂ ಆರಿಸಿಕೊಂಡದ್ದು ಹಳಗನ್ನಡವನ್ನೇ. ರುದ್ರನಾಟಕದ ಭಾರವನ್ನು ಹೊರಲು ನಿತ್ಯದ ಮಾತಿಗಿಂತ ದೂರದ ದನಿಯೊಂದು ಬೇಕಿತ್ತು.

ಗ್ರಾಮ್ಯವೆಂದರೆ ಹಾಸ್ಯ ಎಂಬ ರೂಢಿ ಬಹುಕಾಲ ಕನ್ನಡ ರಂಗಭೂಮಿಯನ್ನು ಕಾಡಿತು. ಆಳುಮಗ ಹಳ್ಳಿಯ ಕನ್ನಡ ಆಡಬೇಕು, ಜನ ನಗಬೇಕು. ಈ ರೂಢಿಯನ್ನು ಮುರಿದವರಲ್ಲಿ ಚಂದ್ರಶೇಖರ ಕಂಬಾರರು ಪ್ರಮುಖರು. ಬೆಳಗಾವಿ ಜಿಲ್ಲೆಯ ಘೋಡಗೇರಿಯವರಾದ ಅವರು ‘ಜೋಕುಮಾರಸ್ವಾಮಿ’ (1972) ನಾಟಕದಲ್ಲಿ ಉತ್ತರ ಕರ್ನಾಟಕದ ಆಡುನುಡಿಗೆ ಹಾಸ್ಯ, ಕಾಮ, ಕ್ರೌರ್ಯ, ದುರಂತ ಎಲ್ಲವನ್ನೂ ಹೊರುವ ಹೊಣೆಯನ್ನು ಕೊಟ್ಟರು. ಬಂದೂಕು ಹಿಡಿದ ಗೌಡನ ಅಬ್ಬರದ ಹಿಂದೆ ಷಂಡತನವಿದೆ. ಅವನ ಬೆದರಿಕೆ ಜೋರಾದಷ್ಟೂ ಒಳಗಿನ ಪೊಳ್ಳು ಕೇಳಿಸುತ್ತದೆ. ಉತ್ತವನದೇ ಹೊಲ ಎನ್ನುವ ಬಸಣ್ಣನ ಮಾತಿನಲ್ಲಿ ಆ ಅಬ್ಬರವಿಲ್ಲ, ಆದರೆ ಅದು ಅಳ್ಳಾಡುವುದಿಲ್ಲ. ಗೌಡ್ತಿಯ ಹಂಬಲಕ್ಕೂ ಇದೇ ನುಡಿಯೇ ಸಾಕಾಗುತ್ತದೆ. ಎಲ್ಲರೂ ಒಂದೇ ಊರಿನ ನುಡಿಯನ್ನು ಆಡುವಾಗ ಧಾಟಿಯ ವ್ಯತ್ಯಾಸವನ್ನು ಉಪಭಾಷೆಯ ಮೇಲೆ ಹೊರಿಸಲಾಗದು. ಅದು ಸ್ವಭಾವದಿಂದಲೇ ಬರಬೇಕು.

ವಾಕ್ಯದ ಅಳತೆ ಮತ್ತು ಮೌನ

ಗುಬ್ಬಿ ಕಂಪನಿ 1884ರಲ್ಲಿ ಸ್ಥಾಪನೆಯಾಯಿತು. ಆ ಕಾಲದ ವೃತ್ತಿ ಕಂಪನಿಗಳಿಗೆ ಧ್ವನಿವರ್ಧಕವಿರಲಿಲ್ಲ. ಡೇರೆಯ ಕೊನೆಯ ಸಾಲಿಗೂ ಮಾತು ತಲುಪಬೇಕಾದಾಗ ಎತ್ತಿದ ದನಿ, ಪ್ರಾಸಬದ್ಧವಾದ ದೀರ್ಘ ವಾಕ್ಯ, ಹಾಡಿಗೆ ಜಾರುವ ನುಡಿಗಟ್ಟು ಅನಿವಾರ್ಯವಾಗಿದ್ದವು. ಹವ್ಯಾಸಿ ರಂಗಭೂಮಿಯು ಸಣ್ಣ ಸಭಾಂಗಣಗಳಿಗೆ ಬಂದಾಗ ಮಾತು ಮೆಲ್ಲಗಾಗಲು, ಮುರಿಯಲು, ನಿಲ್ಲಲು ಅವಕಾಶವಾಯಿತು. ಧಾಟಿಯ ಇತಿಹಾಸದಲ್ಲಿ ಕಟ್ಟಡಗಳ ಪಾಲೂ ಇದೆಯೆಂಬುದನ್ನು ಮರೆಯುವಂತಿಲ್ಲ.

ವಾಕ್ಯದ ಅಳತೆಯಿಂದಲೇ ಪಾತ್ರವನ್ನು ಸೃಷ್ಟಿಸಬಹುದೆಂಬುದಕ್ಕೆ ಗಿರೀಶ ಕಾರ್ನಾಡರ (1938–2019) ‘ನಾಗಮಂಡಲ’ ಶ್ರೇಷ್ಠ ನಿದರ್ಶನ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿದ ಈ ನಾಟಕದಲ್ಲಿ ಅಪ್ಪಣ್ಣನು ಹೆಂಡತಿ ರಾಣಿಯನ್ನು ಮನೆಯೊಳಗೆ ಬೀಗ ಹಾಕಿಟ್ಟು, ಮಧ್ಯಾಹ್ನ ಊಟಕ್ಕೆ ಮಾತ್ರ ಬಂದುಹೋಗುತ್ತಾನೆ. ರಾತ್ರಿ ಅವನ ರೂಪದಲ್ಲೇ ನಾಗ ಬರುತ್ತಾನೆ. ನಟ ಒಬ್ಬನೇ, ಮುಖ ಒಂದೇ, ಬೇರೆಯಾಗಿರುವುದು ಮಾತು. ಹಗಲಿನ ಅಪ್ಪಣ್ಣನದು ಆಜ್ಞೆ: ಚಿಕ್ಕದು, ಉತ್ತರಕ್ಕೆ ಎಡೆಗೊಡದ್ದು. ರಾತ್ರಿಯವನದು ಕೇಳುವ, ಕಾಯುವ, ಅವಳ ತಂದೆತಾಯಿಯರ ನೆನಪಿಗೆ ಕಿವಿಗೊಡುವ ಮಾತು. ಭರತನ ಪರಿಭಾಷೆಯಲ್ಲಿ ಹೇಳುವುದಾದರೆ ಒಬ್ಬನದು ನಿರಾಕಾಂಕ್ಷ, ಇನ್ನೊಬ್ಬನದು ಸಾಕಾಂಕ್ಷ. ಗಮನಿಸಬೇಕಾದ ಸಂಗತಿಯೆಂದರೆ ರಾತ್ರಿಯವನೂ ಅವಳು ಪ್ರಶ್ನೆ ಕೇಳಬಾರದೆಂದೇ ಬಯಸುತ್ತಾನೆ. ಪ್ರೀತಿಯ ಧಾಟಿಯಲ್ಲಿ ಬಂದ ಈ ನಿಷೇಧ, ಸಿಟ್ಟಿನ ಧಾಟಿಯಲ್ಲಿ ಬಂದ ನಿಷೇಧಕ್ಕಿಂತ ಎಷ್ಟು ಬೇರೆ ಎಂಬ ಪ್ರಶ್ನೆ ನಾಟಕ ಮುಗಿದ ಮೇಲೂ ಉಳಿಯುತ್ತದೆ.

ಮೌನವೂ ಮಾತಿನ ಭಾಗವೇ. ಉತ್ತರ ಬರಬೇಕಾದಲ್ಲಿ ಬಾರದಿರುವುದು, ಕೇಳಿದ ಪ್ರಶ್ನೆಗೆ ಬೇರೆ ವಿಷಯದ ಉತ್ತರ ಬರುವುದು, ವಾಕ್ಯ ಅರ್ಧಕ್ಕೆ ನಿಲ್ಲುವುದು ಇವೆಲ್ಲ ಧಾಟಿಯ ಚಿಹ್ನೆಗಳು. ಮುದ್ರಿತ ಪುಟದಲ್ಲಿ ಕೇವಲ ಕೆಲವು ಚುಕ್ಕೆಗಳಾಗಿ ಕಾಣುವ ಈ ಸ್ಥಳಗಳಲ್ಲಿಯೇ ನಟನಿಗೆ ಅತಿ ಹೆಚ್ಚಿನ ಕೆಲಸವಿರುತ್ತದೆ.

ಮಾತು ಒಂದು, ಉದ್ದೇಶ ಇನ್ನೊಂದು

ವ್ಯಂಗ್ಯದ ಧಾಟಿಗೆ ಜಗತ್ಪ್ರಸಿದ್ಧ ಉದಾಹರಣೆ ಶೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕದ 3ನೆಯ ಅಂಕದಲ್ಲಿರುವ ಆಂಟನಿಯ ಭಾಷಣ. ಬ್ರೂಟಸನನ್ನು ನಿಂದಿಸುವ ಸ್ವಾತಂತ್ರ್ಯ ಅವನಿಗಿಲ್ಲ. ಆದ್ದರಿಂದ ಅವನು ಬ್ರೂಟಸನನ್ನು ಗೌರವಾರ್ಹನೆಂದು ಹೊಗಳುತ್ತಾನೆ, ಮತ್ತೆ ಮತ್ತೆ ಹೊಗಳುತ್ತಾನೆ. ಪ್ರತಿಯೊಂದು ಹೊಗಳಿಕೆಯ ನಡುವೆಯೂ ಸೀಸರನ ಒಂದೊಂದು ಒಳ್ಳೆಯ ಕೆಲಸವನ್ನು ಇಡುತ್ತಾನೆ. ಪದ ಬದಲಾಗದೆ ಅದರ ಬೆಲೆ ಬದಲಾಗುತ್ತ ಹೋಗಿ, ಕೊನೆಗೆ ಆ ಹೊಗಳಿಕೆಯೇ ಜನರ ಕಿವಿಯಲ್ಲಿ ಬೈಗುಳವಾಗುತ್ತದೆ. ಪುನರಾವೃತ್ತಿಯು ಧಾಟಿಯನ್ನು ತಿರುಗಿಸುವ ಯಂತ್ರವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದವರು ವಿರಳ.

ಕನ್ನಡದಲ್ಲಿ ಕಾರ್ನಾಡರ ‘ತುಘಲಕ್’ (1964) ಇದೇ ದೃಷ್ಟಿಯಿಂದ ಅಧ್ಯಯನಯೋಗ್ಯ. ಈ ನಾಟಕ ಪ್ರಕಟವಾದಾಗ ಕಾರ್ನಾಡರು ಮದರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಉದ್ಯೋಗದಲ್ಲಿದ್ದರೆಂಬುದು ಹೊರನಾಡ ಕನ್ನಡಿಗರಿಗೆ ಆಪ್ತವೆನಿಸುವ ಸಂಗತಿ. ಸುಲ್ತಾನನು ಪ್ರಜೆಗಳ ಮುಂದೆ ನ್ಯಾಯ, ಸಮಾನತೆಗಳ ಆದರ್ಶವನ್ನು ವಿನಯದಿಂದ ಸಾರುತ್ತಾನೆ. ಮಲತಾಯಿಯ ಮುಂದೆ ಚದುರಂಗದ ಸಮಸ್ಯೆ ಬಿಡಿಸಿದ ಹುಡುಗನಂತೆ ಹಗುರಾಗುತ್ತಾನೆ. ನಜೀಬನೊಡನೆ ಲೆಕ್ಕಾಚಾರದ, ಬರನಿಯೊಡನೆ ಆತ್ಮಪರೀಕ್ಷೆಯ ಧಾಟಿ. ಕೇಳುವವರು ಬದಲಾದಂತೆ ಬದಲಾಗುವ ಈ ದನಿಗಳಲ್ಲಿ ನಿಜವಾದುದು ಯಾವುದು ಎಂಬ ಅನುಮಾನವೇ ನಾಟಕದ ಜೀವಾಳ. ಇನ್ನೊಂದೆಡೆ ಅಗಸನಾದ ಅಜೀಜನು ಬ್ರಾಹ್ಮಣನ ವೇಷ, ಅಧಿಕಾರಿಯ ವೇಷ, ಕೊನೆಗೆ ಖಲೀಫರ ವಂಶಜನ ವೇಷ ತೊಡುತ್ತ, ಸುಲ್ತಾನನ ಆದರ್ಶದ ಭಾಷೆಯನ್ನೇ ವಂಚನೆಯ ಸಲಕರಣೆ ಮಾಡಿಕೊಳ್ಳುತ್ತಾನೆ. ಅಂತ್ಯದಲ್ಲಿ ಇಬ್ಬರೂ ಮುಖಾಮುಖಿಯಾದಾಗ ಪ್ರೇಕ್ಷಕನಿಗೆ ಕೇಳಿಸುವುದು ಒಂದೇ ತರ್ಕದ ಎರಡು ದನಿಗಳು.

ಈ ನಾಟಕವನ್ನು ಬಿ. ವಿ. ಕಾರಂತರು ಉರ್ದುಮಿಶ್ರಿತ ಹಿಂದುಸ್ಥಾನಿಗೆ ತಂದರು. 1970ರ ದಶಕದಲ್ಲಿ ಇಬ್ರಾಹಿಂ ಅಲ್ಕಾಜಿಯವರು ದೆಹಲಿಯ ಪುರಾನಾ ಕಿಲಾದಲ್ಲಿ ಅದನ್ನು ಪ್ರಯೋಗಿಸಿದರು. ದರಬಾರಿನ ಶಿಷ್ಟಾಚಾರಕ್ಕೆ ಉರ್ದುವಿನಲ್ಲಿ ಸಿದ್ಧವಾದ ಪದಸಂಪತ್ತು ಇತ್ತು. ಕಾರ್ನಾಡರು ಕನ್ನಡದಲ್ಲಿ ಆ ಸೌಜನ್ಯದ ಧಾಟಿಯನ್ನು ಹೊಸದಾಗಿಯೇ ಕಟ್ಟಬೇಕಾಗಿತ್ತೆಂಬುದನ್ನು ಎರಡನ್ನೂ ಬಲ್ಲವರು ಮೆಚ್ಚಬಲ್ಲರು. ಅವರ ‘ಒಡಕಲು ಬಿಂಬ’ (2005) ಇದೇ ಸಮಸ್ಯೆಯನ್ನು ನಮ್ಮ ಕಾಲಕ್ಕೆ ತಂದಿತು. ಇಂಗ್ಲಿಷ್ ಕಾದಂಬರಿಯಿಂದ ಕೀರ್ತಿ ಗಳಿಸಿದ ಕನ್ನಡ ಲೇಖಕಿ ಮಂಜುಳಾ ನಾಯಕ್ ದೂರದರ್ಶನದ ಪ್ರೇಕ್ಷಕರಿಗಾಗಿ ಭಾಷಣ ಮುಗಿಸಿದ ಮೇಲೆ, ಪರದೆಯಲ್ಲಿರುವ ಅವಳದೇ ಬಿಂಬ ಅವಳನ್ನು ಮಾತಿಗೆಳೆಯುತ್ತದೆ. ಸಾರ್ವಜನಿಕ ಭಾಷಣದ ನಯವಾದ ಧಾಟಿಯು ಪದರ ಪದರವಾಗಿ ಕಳಚಿದಾಗ ಅಡಿಯಲ್ಲಿರುವ ಸತ್ಯ ಹೊರಬೀಳುತ್ತದೆ.

ಬರೆದವನಿಗೂ ಆಡಿಸುವವನಿಗೂ ಒಮ್ಮತವಿಲ್ಲದಾಗ

ಇಷ್ಟೆಲ್ಲ ಸಾಧನಗಳಿದ್ದರೂ ಧಾಟಿ ಕಡೆಗೂ ಸಂಪೂರ್ಣವಾಗಿ ನಾಟಕಕಾರನ ಕೈಯಲ್ಲಿ ಉಳಿಯುವುದಿಲ್ಲ. ಚೆಕಾಫನು ತನ್ನ ‘ಚೆರ್ರಿ ತೋಟ’ವನ್ನು ಹಾಸ್ಯನಾಟಕವೆಂದೇ ಕರೆದನು. 1904ರಲ್ಲಿ ಮಾಸ್ಕೋದಲ್ಲಿ ಅದನ್ನು ನಿರ್ದೇಶಿಸಿದ ಸ್ತಾನಿಸ್ಲಾವ್‌ಸ್ಕಿಗೆ ಅದರಲ್ಲಿ ದುಃಖವೇ ಕೇಳಿಸಿತು. ಅದೇ ಸಂಭಾಷಣೆ, ಎರಡು ಧಾಟಿ. ಆ ವಿವಾದ ಇಂದಿಗೂ ಮುಗಿದಿಲ್ಲ, ಆ ನಾಟಕ ಇಂದಿಗೂ ಹಳತಾಗಿಲ್ಲ. ನಮ್ಮ ತಾಳಮದ್ದಳೆಯಲ್ಲಿ ಇದರ ಇನ್ನೊಂದು ತುದಿಯನ್ನು ಕಾಣಬಹುದು. ಅಲ್ಲಿ ಪ್ರಸಂಗಕರ್ತನು ಕೊಡುವುದು ಪದ್ಯವನ್ನು ಮಾತ್ರ. ಮಾತನ್ನು ಅರ್ಥಧಾರಿಯು ಆ ಕ್ಷಣದಲ್ಲಿಯೇ ಹುಟ್ಟಿಸುತ್ತಾನೆ. ಒಂದೇ ಪ್ರಸಂಗದ ವಾಲಿಯು ಒಬ್ಬ ಅರ್ಥಧಾರಿಯಲ್ಲಿ ಅಹಂಕಾರಿಯಾಗಿ, ಇನ್ನೊಬ್ಬರಲ್ಲಿ ನ್ಯಾಯ ಕೇಳುವ ನೊಂದವನಾಗಿ ನಿಲ್ಲಬಲ್ಲನು.

ಓದುವವರಿಗೆ ಮತ್ತು ಆಡುವವರಿಗೆ ಕೆಲವು ಸೂಚನೆಗಳು

ಸಂಘದ ತಾಲೀಮುಗಳಲ್ಲಿಯೂ ಮನೆಯ ಓದಿನಲ್ಲಿಯೂ ಕೆಳಗಿನ ಅಂಶಗಳನ್ನು ಅನುಸರಿಸಿದರೆ ಧಾಟಿಯನ್ನು ಹಿಡಿಯುವುದು ಸುಲಭವಾಗುತ್ತದೆ.

1. ಮೊದಲ ಓದಿನಲ್ಲಿ ಸಂಬೋಧನೆಗಳನ್ನು ಮಾತ್ರ ಗುರುತು ಮಾಡಿಕೊಳ್ಳಿ. ನೀನು, ನೀವು, ತಾವು ಎಲ್ಲಿ ಬದಲಾಗುತ್ತವೆಯೋ ಅಲ್ಲಿ ಸಂಬಂಧ ಬದಲಾಗಿದೆ.

2. ಏ, ಓ, ಊ, ಅಂತೆ, ಅಲ್ಲ, ಬಿಡು ಇವುಗಳಿಗೆ ಕೆಳಗೆರೆ ಎಳೆಯಿರಿ. ಅವನ್ನು ತೆಗೆದು ಒಮ್ಮೆ, ಸೇರಿಸಿ ಒಮ್ಮೆ ಗಟ್ಟಿಯಾಗಿ ಓದಿ ವ್ಯತ್ಯಾಸವನ್ನು ಕೇಳಿಸಿಕೊಳ್ಳಿ.

3. ಪಾತ್ರವು ಈ ಮಾತಿನಿಂದ ಎದುರಿನವರಿಂದ ಏನನ್ನು ಬಯಸುತ್ತಿದೆ ಎಂದು ಒಂದು ವಾಕ್ಯದಲ್ಲಿ ಹೇಳಲು ಪ್ರಯತ್ನಿಸಿ. ‘ಕೋಪದಿಂದ ಹೇಳು’ ಎಂಬ ಸೂಚನೆಗಿಂತ ‘ಅವನನ್ನು ಹೊರಗೆ ಕಳಿಸಲು ಹೇಳು’ ಎಂಬ ಸೂಚನೆ ನಟನಿಗೆ ಹೆಚ್ಚು ನೆರವಾಗುತ್ತದೆ.

4. ಧಾರವಾಡದ ಮಾತನ್ನು ಮೈಸೂರಿನ ಮಾತಿಗೆ, ಕರಾವಳಿಯ ಮಾತನ್ನು ಪಠ್ಯಪುಸ್ತಕದ ಕನ್ನಡಕ್ಕೆ ‘ಸುಲಭವಾಗಲಿ’ ಎಂದು ಬದಲಿಸುವ ಮುನ್ನ ಯೋಚಿಸಿ. ಅರ್ಥ ಉಳಿಯುತ್ತದೆ, ವ್ಯಕ್ತಿ ಹೋಗುತ್ತಾನೆ. ಮಹಾನಗರದ ಸಂಘಗಳಲ್ಲಿ ಎಲ್ಲ ಸೀಮೆಗಳ ಕುಟುಂಬಗಳೂ ಇರುತ್ತವೆ. ಆ ಸೀಮೆಯ ಹಿರಿಯರೊಬ್ಬರನ್ನು ತಾಲೀಮಿಗೆ ಕರೆದು ಕೂರಿಸುವುದು ಅತ್ಯುತ್ತಮ ಉಪಾಯ.

5. ಕನ್ನಡ ಲಿಪಿ ಬಾರದ ಕಿರಿಯರಿಗೆ ಬೇರೆ ಲಿಪಿಯಲ್ಲಿ ಬರೆದುಕೊಡುವುದರ ಜೊತೆಗೆ ಮಾತನ್ನು ಓದಿ ಧ್ವನಿಮುದ್ರಿಸಿ ಕೊಡಿ. ಆದರೆ ಒಬ್ಬರದೇ ದನಿಯಲ್ಲಿ ಬೇಡ. ಇಬ್ಬರು ಬೇರೆ ಬೇರೆ ರೀತಿಯಲ್ಲಿ ಓದಿದರೆ ಮಗುವಿಗೆ ಅನುಕರಣೆಯ ಬದಲು ಆಯ್ಕೆ ದೊರೆಯುತ್ತದೆ.

ಭಾಷೆಯೊಂದು ಕೈಬಿಡುವಾಗ ಪದಗಳು ಮೊದಲು ಹೋಗುವುದಿಲ್ಲ. ಅನ್ನ, ನೀರು, ಅಮ್ಮ, ಅಜ್ಜಿ ಎಂಬ ಪದಗಳು 3ನೆಯ ತಲೆಮಾರಿನಲ್ಲಿಯೂ ಉಳಿದಿರುತ್ತವೆ. ಮೊದಲು ಹೋಗುವುದು ಧಾಟಿ: ‘ಅಂತೆ’ಯೊಳಗಿನ ಅಣಕ, ‘ಬಾರಪ್ಪ’ದೊಳಗಿನ ಅಕ್ಕರೆ, ‘ತಾವು’ ಎಂಬುದರೊಳಗಿನ ಮುನಿಸು. ಇವನ್ನು ಶಬ್ದಕೋಶದಿಂದ ಕಲಿಯಲಾಗದು. ಮನೆಯ ಮಾತು ವಿರಳವಾದಲ್ಲಿ ಅವನ್ನು ಕೇಳಿಸಬಲ್ಲ ಜಾಗ ಇನ್ನು ಒಂದಿದ್ದರೆ ಅದು ನಾಟಕದ ರಂಗ. ಒಂದು ಏಕಾಂಕಕ್ಕಾಗಿ 2 ತಿಂಗಳು ಸಂಜೆಯ ಹೊತ್ತು ಸೇರಿ, ಒಂದು ವಾಕ್ಯವನ್ನು ಹತ್ತು ಬಗೆಯಲ್ಲಿ ಹೇಳಿ ನೋಡುವ ತಾಲೀಮು, ಅಂತಿಮ ಪ್ರದರ್ಶನದಷ್ಟೇ ಬೆಲೆಬಾಳುವ ಕನ್ನಡದ ಪಾಠ. ಈ ವರ್ಷದ ನಾಟಕವನ್ನು ಆರಿಸಿಕೊಳ್ಳುವಾಗ ಸದಸ್ಯ ಬಾಂಧವರು ಕಥೆ ಚೆನ್ನಾಗಿದೆಯೆ ಎಂದು ನೋಡುವುದರ ಜೊತೆಗೆ, ಅದರ ಮಾತುಗಳನ್ನು ಒಮ್ಮೆ ಮನೆಯವರೆಲ್ಲ ಕುಳಿತು ಗಟ್ಟಿಯಾಗಿ ಓದಿ ನೋಡಲಿ ಎಂಬುದು ನಮ್ಮ ಕೋರಿಕೆ.